ಕೂಡದ ನೆತ್ತಿ

ದಂಡಿಗನಹಳ್ಳಿಯ ಸುವರ್ಣಮ್ಮನಿಗೆ ಮೊಮ್ಮಗಳ ನೆತ್ತಿಯದೇ ಚಿಂತೆ. ಯಶಸ್ವಿನಿಗೆ ಎರಡು ತುಂಬಿ ಮೂರಕ್ಕೆ ಬಿದ್ದಿದ್ದರೂ ಬೆರಳಿಟ್ಟರೆ ನೆತ್ತಿ ಇನ್ನೂ ಮೆತ್ತಗಿತ್ತು. ಕೇರಿಯವರು ಕೇಳಿದಾಗಲೆಲ್ಲ ಸುವರ್ಣಮ್ಮ ಸೊಸೆಯತ್ತ ಗಲ್ಲ ತೋರಿಸುವಳು.

"ಬಾಣ್ತನದಲ್ಲಿ ನೆತ್ತಿಗೆ ನೆಟ್ಟಗೆ ಅಳ್ಳೆಣ್ಣೆ ಒತ್ತಿದ್ರೆ ಇಂಗಾಯ್ತಿತ್ತಾ?"

ಪ್ರೇಮಕುಮಾರಿ ಹರಳೆಣ್ಣೆ ಒತ್ತದ ದಿನವೇ ಇರಲಿಲ್ಲ. ಆದರೂ ಕೇಳಿ ಕೇಳಿ, ಮಗುವನ್ನು ತಾನೇ ಕೆಡಿಸಿದೆನೇನೋ ಎಂದು ಅವಳಿಗೇ ಅನುಮಾನ ಹತ್ತಿತ್ತು. ತಡೆಯಲಾರದೆ ಗಂಡ ಪರಮೇಶನನ್ನು ಹೊರಡಿಸಿಕೊಂಡು ಹಾಸನದ ಮಕ್ಕಳ ಡಾಕ್ಟರ್ ರಂಜನಿಯವರ ಹತ್ತಿರ ಹೋದಳು. ಅತ್ತೆಯೂ ಬಸ್ಸು ಹತ್ತಿದಳು. ಸೊಸೆಯ ತಪ್ಪನ್ನು ಡಾಕ್ಟರ ಬಾಯಲ್ಲೇ ಕೇಳಬೇಕಲ್ಲ!

ಡಾಕ್ಟರು ಎಕ್ಸ್‌ರೇ ನೋಡಿದರು. ಮಗುವಿಗೆ ಕತ್ತಿನ ಕೆಳಗಿನ ಕಾಲರ್ ಮೂಳೆಗಳೇ ಬೆಳೆದಿರಲಿಲ್ಲ. ಅವರು ಪರಮೇಶನತ್ತ ತಿರುಗಿ, "ಎರಡೂ ಹೆಗಲು ಮುಂದಕ್ಕೆ ತನ್ನಿ" ಎಂದರು. ಅವನ ಹೆಗಲುಗಳು ಗಲ್ಲದ ಕೆಳಗೆ ಒಂದಕ್ಕೊಂದು ತಾಕಿದವು; ತಡೆಯುವ ಆ ಮೂಳೆಗಳು ಅವನಿಗೂ ಇರಲಿಲ್ಲ.

"ಕಬಡ್ಡೀಲಿ ನನ್ನ ಒಬ್ರೂ ಇಡಿಯಕಾಯ್ತಿರ್ಲಿಲ್ಲ ಮೇಡಂ" ಎಂದ. ಆಸ್ಪತ್ರೆಯಲ್ಲೂ ಜಂಬ ಬಿಡಲಿಲ್ಲ ಮಹಾರಾಯ.

ಡಾಕ್ಟರು ನಕ್ಕರು. "ರಂಕ್ಸ್ ಟೂ ಅಂತ ಒಂದು ಪ್ರೋಟೀನ್ ಇದೆ. ಕಟ್ಟಡದ ಮೇಸ್ತ್ರಿ ಇದ್ದ ಹಾಗೆ. ಮೆತ್ತಗಿರೋ ಕಡೆ ಗಟ್ಟಿ ಮೂಳೆ ಕಟ್ಟಿ ಅಂತ ಜೀನ್‌ಗಳಿಗೆ ಹೇಳೋದು ಅದೇ. ನಿಮ್ಮ ಮಗೂಲಿ ಅದು ಅರ್ಧದಷ್ಟೇ ಇರೋದು. ಅದಕ್ಕೇ ತಲೆಬುರುಡೆ ಕೂಡೋದು ನಿಧಾನ."

"ಎಣ್ಣೆ ಸರಿಯಾಗಿ ಒತ್ತಿದ್ರೆ..." ಪ್ರೇಮಕುಮಾರಿ ಕೇಳಿದಳು.

"ಸೇರುಗಟ್ಟಲೆ ಒತ್ತಿದ್ರೂ ಇಷ್ಟೇ ಕಣಮ್ಮ. ಮಗೂಗೆ ಅಪ್ಪನಿಂದ ಬಂದಿದೆ. ಅವರಿಗೆ ಅವರ ಅಪ್ಪನಿಂದಲೋ ಅಮ್ಮನಿಂದಲೋ ಬಂದಿರಬೇಕು. ಯಾರ ತಪ್ಪೂ ಅಲ್ಲ. ಬುದ್ಧಿಗೇನೂ ಕಮ್ಮಿಯಾಗಲ್ಲ. ತಲೆಗೆ ಪೆಟ್ಟಾಗದ ಹಾಗೆ ನೋಡ್ಕೊಳ್ಳಿ, ಹಲ್ಲು ತಡವಾಗಿ ಬಂದ್ರೆ ತೋರಿಸಿ."

ಪ್ರೇಮಕುಮಾರಿಗೆ ಅಳು ಒತ್ತರಿಸಿ ಬಂತು. ಎಷ್ಟೋ ತಿಂಗಳ ಭಾರ ಇಳಿದ ಅಳು ಅದು.

ಎಲ್ಲವನ್ನೂ ಕೇಳಿಸಿಕೊಂಡಿದ್ದ ಸುವರ್ಣಮ್ಮ ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಸೆರಗು ಸರಿಸಿದಳು. ಸೊಸೆಯ ಕೈ ಹಿಡಿದು ತನ್ನ ನರೆತ ತಲೆಯ ಮೇಲೆ ಇಟ್ಟುಕೊಂಡಳು. ಕೂದಲಡಿಯಲ್ಲಿ ಒಂದು ಮೆತ್ತನೆಯ ಗುಳಿ ಬೆರಳಿಗೆ ಸಿಕ್ಕಿತು.

"ನಮ್ಮವ್ವ ಎಣ್ಣೆ ಒತ್ಲಿಲ್ಲ ಅಂತ ಊರೋರು ಅಂದ್ರು. ನಾನೂ ಅಂದೆ. ಅವಳು ಸಾಯೋಗಂಟ ಅಂದೆ." ಮುದುಕಿ ಆ ಕೈಯನ್ನು ಇನ್ನಷ್ಟು ಒತ್ತಿಕೊಂಡಳು. "ಒತ್ತಿದ್ಲು ಅಂತ ಕಾಣ್ತದೆ ಕಣವ್ವ."

ಪ್ರೇಮಕುಮಾರಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೆ ಆ ತಲೆಯ ಮೇಲಿನಿಂದ ಕೈ ತೆಗೆಯಲು ಅವಳಿಗೆ ಮನಸ್ಸಾಗಲಿಲ್ಲ.