ಸೀಮಂತದ ಮನೆಗೆ ಬಂದ ಕ್ಯಾನು

ವಾಸುದೇವ ಸುಳ್ಳೇನೂ ಹೇಳಿರಲಿಲ್ಲ. "ಏನದು?" ಎಂದು ಅತ್ತೆ ಊರ್ಮಿಳಾ ಕೇಳಿದಾಗ, "ಪೆಟಲೂಮಾದ ಡೈರಿಯಿಂದ ತಂದದ್ದು ಅತ್ತೆ, ಫ್ರೆಂಡಿಗೆ ಕೊಡ್ಬೇಕು" ಎಂದಿದ್ದ. ಮಾತು ನಿಜವೇ. ಆದರೆ ಮೊಣಕಾಲೆತ್ತರದ ಆ ಅಲ್ಯೂಮಿನಿಯಂ ಕ್ಯಾನಿನಲ್ಲಿ ಹಾಲಿಲ್ಲ, ದ್ರವ ಸಾರಜನಕದ ಚಳಿಯಲ್ಲಿ ಹೆಪ್ಪುಗಟ್ಟಿಸಿಟ್ಟ, ಜೆರ್ಸಿ ಹೋರಿಯ ವೀರ್ಯ ತುಂಬಿದ ಇನ್ನೂರು ಕಡ್ಡಿಗಳಿವೆ ಎಂಬ ಉಳಿದರ್ಧ ನಿಜವನ್ನು ಹೇಳಲು ನಾಲಿಗೆ ಹೊರಳಲಿಲ್ಲ. ಮಗಳ ಸೀಮಂತಕ್ಕೆಂದು ಮೈಸೂರಿನಿಂದ ಅಮೆರಿಕಕ್ಕೆ ಬಂದು, ಮೂರು ದಿನದಿಂದ ಮಡಿ ಮಡಿ ಎಂದು ಓಡಾಡುತ್ತಿದ್ದವರ ಮುಂದೆ ಹೇಳುವುದಾದರೂ ಹೇಗೆ?

ಕ್ಯಾನು ಅವನ ಆಫೀಸಿನ ಒಲೆನಾಳದು. ಉಕ್ರೇನಿನಲ್ಲಿ ಅವಳಪ್ಪ ಅರವತ್ತು ಹಸು ಸಾಕಿದ್ದ. ಯುದ್ಧದಲ್ಲಿ ಆ ಕಡೆಯ ತಳಿ ಕೇಂದ್ರ ಸುಟ್ಟುಹೋದ ಮೇಲೆ, ಹಸು ಬೆದೆಗೆ ಬಂದರೂ ಸೂಜಿ ಹಾಕಲು ಏನೂ ಇರಲಿಲ್ಲ. ಗಬ್ಬವಿಲ್ಲದಿದ್ದರೆ ಕರುವಿಲ್ಲ, ಕರುವಿಲ್ಲದಿದ್ದರೆ ಹಾಲಿಲ್ಲ. ಪೆಟಲೂಮಾದ ರೈತನೊಬ್ಬ ಪುಕ್ಕಟೆ ಕೊಡಲು ಒಪ್ಪಿದ. ಒಲೆನಾಳಿಗೆ ಕಾರಿಲ್ಲವೆಂದು ವಾಸುದೇವನೇ ಶುಕ್ರವಾರ ಹೋಗಿ ತಂದ. ಊರಿಗೆ ಹೋಗಲು ಪೋಲೆಂಡಿನ ವಿಮಾನ ಹತ್ತುವ ಅವಳ ನೆಂಟನೊಬ್ಬ ಶನಿವಾರ ಮಧ್ಯಾಹ್ನ ಅದನ್ನು ಒಯ್ಯಬೇಕು. ಶನಿವಾರವೇ ಸೀಮಂತವೆಂಬುದು ಒಪ್ಪಿಕೊಂಡ ಮೇಲೆ ನೆನಪಾಯಿತು.

ಹೆಂಡತಿ ಮೈಥಿಲಿಗೆ ಮಾತ್ರ ಗುಟ್ಟು ಹೇಳಿದ. ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು ಅವಳು ನಕ್ಕಿದ್ದೇ ನಕ್ಕಿದ್ದು.

"ನಿಮ್ಮಮ್ಮಂಗೆ ನೀನೇ ಹೇಳೆ."

"ನಾನಂತೂ ಹೇಳಲ್ಲಪ್ಪ. ನಿನ್ನ ಹೋರಿ, ನಿನ್ನ ಹೆಡ್ಡೇಕು."

ಶನಿವಾರ ಬೆಳಿಗ್ಗೆ ಯೂನಿಯನ್ ಸಿಟಿಯ ಆ ಮನೆ ರೇಷ್ಮೆ ಸೀರೆಗಳಿಂದ ತುಂಬಿಹೋಯಿತು. ಬಾಡಿಗೆ ಕುರ್ಚಿಗಳಿಗೆ ಜಾಗ ಬೇಕೆಂದು ಯಾರೋ ಗರಾಜಿನಿಂದ ಕ್ಯಾನನ್ನು ಒಳಗೆ ತಂದಿಟ್ಟರು. ಫಳಫಳ ಹೊಳೆಯುವ ಹಾಲಿನ ಕ್ಯಾನು ಸೀಮಂತದ ಮನೆಯಲ್ಲಿ ಬೋಳಾಗಿರಬಾರದೆಂದು ಊರ್ಮಿಳಾ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೊಳ ಹೂವನ್ನೂ ಸುತ್ತಿದರು. ವಾಸುದೇವ ನೋಡಿದ, ಕುರ್ಚಿ ಜೋಡಿಸಲು ಹೋದ.

ಹನ್ನೊಂದು ಗಂಟೆಗೆ ಪಾಯಸಕ್ಕೆ ಹಾಲು ಸಾಲದೆ ಹೋಯಿತು. ಊರ್ಮಿಳಾ ಸೌಟು ಹಿಡಿದು ಬಂದು ಕ್ಯಾನಿನ ಮುಚ್ಚಳ ಎತ್ತಿಯೇಬಿಟ್ಟರು. ಬಿಳಿ ಹೊಗೆ ಬುಸ್ಸೆಂದು ನೆಲಕ್ಕಿಳಿಯಿತು.

"ಅತ್ತೇ, ಬೇಡಾ!" ವಾಸುದೇವ ಹಾರಿಬಂದು ಮುಚ್ಚಳ ಒತ್ತಿದ.

"ಹಾಲಲ್ವೇನ್ರೀ?"

"ಅಲ್ಲ ಅತ್ತೆ. ಅದು... ಹೋರೀದು."

"ಹೋರೀದು ಏನು?"

ವಾಸುದೇವನನ್ನು ಕಾಪಾಡಿದ್ದು ದಾನವ್ವ. ಪಕ್ಕದ ಮನೆಯ ಸಂತೋಷಕುಮಾರನ ತಾಯಿ. ಗೋಕಾಕದ ಕಡೆ ನಲವತ್ತು ವರ್ಷ ಎಮ್ಮೆ ಆಕಳು ಕಟ್ಟಿದ ಜೀವ.

"ಹೋರೀ ಬೀಜಾ ಅನ್ರಿ! ನಮ್ಮೂರ ದನದ ಡಾಕ್ಟರ ಇಂಥಾದ ಡಬ್ಬಿ ಗಾಡಿಗೆ ಕಟ್ಕೊಂಡ ಬರ್ತಿದ್ದ. ಇದ್ರಾಗ ನಾಚೂದೇನೈತೋ ತಮ್ಮಾ?"

"ಅಯ್ಯೋ ರಾಮ! ಇದಕ್ಕೆ ನಾನು ಹೂ ಮುಡಿಸಿದ್ನಲ್ರೀ!"

"ಛಲೋ ಮಾಡೀರಿ. ಬಸರ ಮಾಡಾಕ ಹೊಂಟದ್ದು, ಹೂವಾ ಬ್ಯಾಡೇನ್ರಿ?"

ನಗು ಹಜಾರದಿಂದ ಹಿತ್ತಲವರೆಗೆ ಹರಿಯಿತು. ಊರ್ಮಿಳಾ ಮಾತ್ರ ಮುಖ ಗಂಟಿಕ್ಕಿ ಕೈ ತೊಳೆಯಲು ಹೋದರು.

ಅಷ್ಟರಲ್ಲಿ ಒಲೆನಾ ಬಂದಳು. ಜೀನ್ಸು, ಕೆದರಿದ ಕೂದಲು. ಇಷ್ಟು ಸೀರೆಗಳ ನಡುವೆ ಬಾಗಿಲಲ್ಲೇ ನಿಂತಳು. ವಾಸುದೇವ ಅವಳ ಹೆಸರು ಹೇಳಿ ಪರಿಚಯಿಸಿದ.

"ಒಲಿನಾ? ಒಲಿ ಅಂತ ಹೆಸರಿಟ್ಟಾರ? ಬಾರವಾ, ಕುಂದ್ರು," ಎಂದು ದಾನವ್ವ ಕೈ ಹಿಡಿದು ಎಳೆದರು. ಎಷ್ಟು ಆಕಳು, ಎಷ್ಟು ಹಾಲು, ಮೇವೇನು ಎಂದು ಕೇಳಿದ್ದೇ ಕೇಳಿದ್ದು. ವಾಸುದೇವ ಅನುವಾದಿಸಿದ. ಕೊನೆಗೆ, "ಗಬ್ಬಾದ ಆಕಳು ಒಂದೂ ಇಲ್ಲೇನು?" ಎಂದರು.

ಇದ್ದವು, ಹನ್ನೊಂದು, ಎಂದಳು ಒಲೆನಾ. ಚಳಿಗಾಲದಲ್ಲಿ ಊರ ಮೇಲೆ ಮೂರು ದಿನ ಶೆಲ್ಲು ಬಿದ್ದಾಗ ಬೆದರಿ, ಏಳು ಹಸು ದಿನ ತುಂಬುವ ಮೊದಲೇ ಕಂದು ಹಾಕಿದವು. ಅಪ್ಪ ಕೊಟ್ಟಿಗೆಯಲ್ಲೇ ಮಲಗುತ್ತಾನೆ. ದನಿ ಕೇಳುತ್ತಿದ್ದರೆ ಅವು ಹೆದರುವುದಿಲ್ಲವಂತೆ.

ಬಸುರಿಯ ಎದುರು ಆ ಮಾತು ಅನುವಾದಿಸಲು ವಾಸುದೇವ ತಡವರಿಸಿದ. ಅಗತ್ಯವೂ ಇರಲಿಲ್ಲ. ಇಂಗ್ಲಿಷು ಎಲ್ಲರಿಗೂ ತಿಳಿದಿತ್ತು, ದಾನವ್ವನಿಗೆ ಒಲೆನಾಳ ಮುಖವೇ ಹೇಳಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಊರ್ಮಿಳಾ ಸೆರಗಿಗೆ ಕೈ ಒರೆಸಿಕೊಂಡು ಬಂದರು. "ಮೈಥಿಲಿ, ಸ್ವಲ್ಪ ಸರ್ಕೊಳೇ," ಎಂದು ಅವಳ ಪಕ್ಕದಲ್ಲೇ ಒಲೆನಾಳನ್ನು ಕೂರಿಸಿದರು. ಸೆರಗಿಲ್ಲದ ಹುಡುಗಿಗೆ ಯಾರದೋ ದುಪಟ್ಟಾ ಹೊದಿಸಿ, ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು ಮಡಿಲಿಗೆ ತುಂಬಿದರು.

"ನಿಮ್ಮ ಹಸುಗಳೆಲ್ಲ ಸುಖವಾಗಿ ಈಯಲಿ ಅಂತ ಹೇಳ್ರೀ," ಎಂದರು ಅಳಿಯನಿಗೆ. ವಾಸುದೇವ ಹೇಳಿದ. ಒಲೆನಾ ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಹೊರಗೆ ಕಾರಿನಲ್ಲಿದ್ದ ನೆಂಟ ವಿಮಾನ ತಪ್ಪುತ್ತದೆಂದು ಹಾರ್ನು ಬಾರಿಸುತ್ತಲೇ ಇದ್ದ.

ಎರಡು ವಾರದ ನಂತರ ಕಡ್ಡಿಗಳು ಕೊಟ್ಟಿಗೆ ಸೇರಿದ ಸುದ್ದಿ ಬಂತು. ದಾನವ್ವ ಬಿಡಲಿಲ್ಲ; ಒಲೆನಾಳ ಅಪ್ಪನನ್ನು ವಿಡಿಯೋ ಕಾಲಿನಲ್ಲಿ ನೋಡಲೇಬೇಕೆಂದು ಹಟ ಹಿಡಿದರು. ಕರೆಂಟು ಹೋಗಿ, ಮುದುಕ ಕೈಯಲ್ಲೇ ಹಾಲು ಕರೆಯುತ್ತಿದ್ದ.

"ಏ ಯಜಮಾನಾ! ಹೆಬ್ಬೆಟ್ಟ ಮಡಚಿ ಹಿಂಡಬ್ಯಾಡೋ, ಮೊಲಿ ನೊಯ್ತೈತಿ! ಮುಷ್ಟೀಲೆ ಹಿಂಡು, ಹಿಂಗ!" ದಾನವ್ವ ಗಾಳಿಯಲ್ಲಿ ಹಿಂಡಿ ತೋರಿಸಿದರು. ಮುದುಕ ಫೋನಿನಲ್ಲಿ ಅವರ ಕೈ ನೋಡಿದ. ಆಮೇಲೆ ಹೆಬ್ಬೆರಳು ಬಿಚ್ಚಿ ಮುಷ್ಟಿಯಲ್ಲಿ ಹಿಂಡಿದ. ಅವನು ತನ್ನ ಭಾಷೆಯಲ್ಲಿ ಏನೋ ಅಂದ, ಒಲೆನಾ ಬಿದ್ದು ಬಿದ್ದು ನಕ್ಕಳು.

"ಏನಂದ್ರು?" ವಾಸುದೇವ ಕೇಳಿದ.

"ಈಯಮ್ಮನ್ನ ನಮ್ಮೂರಿಗೆ ಕಳಿಸಿದ್ರೆ ಯುದ್ಧ ಬೇಗ ಮುಗಿಯುತ್ತೆ ಅಂತ."

ವಾಸುದೇವ ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ದಾನವ್ವ ತಮ್ಮ ಪಾಸ್‌ಪೋರ್ಟ್ ಎಲ್ಲಿಟ್ಟಿದ್ದೀಯಾ ಎಂದು ಮಗನನ್ನು ಕೇಳಿದರು. ಸಂತೋಷಕುಮಾರ ಇವತ್ತಿಗೂ ಅದನ್ನು ಎಲ್ಲಿಟ್ಟಿದ್ದಾನೆಂದು ಹೇಳಿಲ್ಲ.