ಸುಮಾರು ಬೆಳಕು

"ಮೂರನೇದನ್ನ ಯಾಕ್ ಬುಟ್ರಿ ಡಾಕ್ಟ್ರೇ?"

ಅಮೃತೇಶನ ಚಮಚ ಕೇಸರಿಬಾತಿನಲ್ಲೇ ನಿಂತಿತು. ಕೇಳಿದವರು ಶಂಭುಲಿಂಗಪ್ಪ, ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವರು, ಅವನು ನೋಡಲು ಬಂದ ಹುಡುಗಿಯ ಅಪ್ಪ.

"ಯಾವ ಮೂರನೇದು?"

"ಅದೇ, ಗುಪ್ತಗಾಮಿನಿ. ಕಾವೇರಿ, ಕಪಿಲೆ ಎರಡರ ಮೇಲೇ ಪಿಎಚ್‌ಡಿ ಮಾಡಿದೀರಂತೆ. ನಮ್ಮೂರ ಸಂಗಮದಲ್ಲಿ ಮೂರು ಸೇರ್ತವೆ ಕಣ್ರೀ. ಕಣ್ಗೆ ಕಾಣಕಿಲ್ಲ ಅಂತ ಬುಟ್‌ಬುಡೋದಾ?"

ಅಮೃತೇಶ ಸೋದರಮಾವನ ಕಡೆ ನೋಡಿದ. ಈ ಸಂಬಂಧ ತಂದ ಚಿಕ್ಕಬಸಪ್ಪ ಬಜ್ಜಿಯಲ್ಲಿ ಮುಳುಗಿದ್ದ. ಏನೋ ನೀನು ಓದಿದ್ದು ಎಂದು ಇವನೇ ಒಮ್ಮೆ ಕೇಳಿದ್ದ. ಟೂ ಸ್ಟ್ರೀಮ್ ಅಪ್ರಾಕ್ಸಿಮೇಶನ್ ಮಾವ, ಎರಡು ಹರಿವಿನ ಲೆಕ್ಕ ಎಂದಿದ್ದ ಅಮೃತೇಶ. ನಂಜನಗೂಡಿನಲ್ಲಿ ಹುಟ್ಟಿ ನರಸೀಪುರದಿಂದ ಹೆಣ್ಣು ತಂದ ಮಾವನಿಗೆ ಎರಡು ಹರಿವು ಎಂದರೆ ಎರಡು ಹೊಳೆಯಲ್ಲದೆ ಇನ್ಯಾವುದು ತಾನೇ ಹೊಳೆದೀತು?

ಅವನು ಓದಿದ್ದು ಬಿಸಿಲನ್ನು. ಸೂರ್ಯನ ಬೆಳಕು ಗಾಳಿ, ಧೂಳು, ಮೋಡಕ್ಕೆ ತಾಗಿ ಎಲ್ಲ ದಿಕ್ಕಿಗೂ ಚದುರುತ್ತದೆ. ಎಲ್ಲ ದಿಕ್ಕನ್ನೂ ಲೆಕ್ಕ ಹಾಕುತ್ತ ಕೂತರೆ ಆಯುಸ್ಸು ಸಾಲದು. ಹಾಗಾಗಿ ಬೆಳಕು ಒಂದೋ ಕೆಳಗೆ ಬರುತ್ತದೆ, ಇಲ್ಲ ಮೇಲೆ ಹೋಗುತ್ತದೆ, ಬೇರೆ ದಾರಿಯೇ ಇಲ್ಲ ಎಂದುಕೊಂಡುಬಿಡುವುದು. ಸುಳ್ಳೆಂದು ಎಲ್ಲರಿಗೂ ಗೊತ್ತು. ಉತ್ತರ ಮಾತ್ರ ಸುಮಾರಾಗಿ ಸರಿ ಬರುತ್ತದೆ. ಆ ಸುಮಾರಿನಲ್ಲೇ ಅವನ ಯೌವನ ಕಳೆದಿತ್ತು. ನಂಜನಗೂಡಿನ ಕಾಲೇಜಿನಲ್ಲಿ ಪಾಠ ಹೇಳುವ ಅವನನ್ನು ಅದೇನೆಂದು ಮಾವನ ಹೊರತು ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಇವತ್ತು ಕೇಳುತ್ತಿದ್ದಾರೆ, ಹೊಳೆ ಎಂದುಕೊಂಡು.

"ಹೇಳೋ. ಬಾಯಲ್ಲೇನು ಕಡುಬು ಇಟ್ಕೊಂಡಿದೀಯಾ?" ಎಂದರು ತಾಯಿ ಸಿದ್ದಲಿಂಗಮ್ಮ.

ಬಾಯಲ್ಲಿ ಕೇಸರಿಬಾತಿತ್ತು. ಎದುರಿಗೆ ಹುಡುಗಿ ಶಿವರಂಜನಿ ಇದ್ದಳು, ಹೈಸ್ಕೂಲಿಗೆ ಗಣಿತ ಹೇಳುವವಳು. ಕಾಫಿ ಕೊಡುವಾಗ ಅವಳು ನೇರವಾಗಿ ನೋಡಿದ್ದಳು. ತೆಗೆದುಕೊಳ್ಳುವಾಗ ಇವನೇ ಅವಳಿಗೆ ತಗೊಳ್ಳಿ ಎಂದಿದ್ದ. ಅವಳು ತುಟಿ ಕಚ್ಚಿ ನಗು ತಡೆದಿದ್ದಳು. ಅಯ್ಯೋ, ಇವಳು ನನ್ನನ್ನು ಒಪ್ಪಬೇಕು ಎಂದು ಅವನಿಗೆ ತಟ್ಟನೆ ಅನಿಸಿತು. ಈ ಹಿಂದೆ ನೋಡಿದ ಯಾವ ಹುಡುಗಿಯ ಮುಂದೆಯೂ ಹಾಗನಿಸಿರಲಿಲ್ಲ. ಭಯವಾಯಿತು.

"ಮೂರನೇದು... ನಗಣ್ಯ," ಎಂದ.

"ನಗಣ್ಯವಾ? ಗಂಗಮ್ಮ ತಾಯಿ ನಗಣ್ಯವಾ?"

"ಲೆಕ್ಕದ ದೃಷ್ಟಿಯಿಂದ..."

"ವಿಜ್ಞಾನಿಗಳು ಅಂಗೇ ಮಾತಾಡದು, ಬುಡಿ ಬಾವ," ಎಂದ ಚಿಕ್ಕಬಸಪ್ಪ. "ಇನ್ನೆರಡು ಬಜ್ಜಿ ಆಕ್ಸಿ."

ಹೊಳೆಯಲ್ಲ ಸ್ವಾಮಿ, ಬಿಸಿಲು ಎಂದುಬಿಡಬಹುದಿತ್ತು. ಆದರೆ ಬಿಸಿಲೇನು ಈ ಊರಲ್ಲಿ ಕಮ್ಮಿಯೇ? ಬೀದಿಯಲ್ಲಿ ಬಿದ್ದಿರುವುದನ್ನು ಓದಿದವನಿಗೆ ಯಾರು ಹೆಣ್ಣು ಕೊಡುತ್ತಾರೆ? ಅಮೃತೇಶ ಬಾಯಲ್ಲಿದ್ದುದನ್ನು ನುಂಗಿ ಇನ್ನೊಂದು ಚಮಚ ತುಂಬಿಕೊಂಡ.

ಎದ್ದವಳು ಶಿವರಂಜನಿಯೇ. "ಅಪ್ಪಾ, ತಾರಸಿ ಮೇಲೆ ಹಪ್ಪಳ ಒಣಗಾಕಿದೀನಿ. ಕಾಗೆ ಬತ್ತವೆ. ಇವ್ರೂ ಬರ್ಲಿ, ಮಾತಾಡ್ಕೊಂಡು ಬತ್ತೀವಿ."

ಅವನು ತಟ್ಟೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿದ. ಮೇಲೆ ಹಳೇ ಸೀರೆಯ ತುಂಬ ಹಪ್ಪಳ, ಅದರ ಮೇಲೆ ಮಧ್ಯಾಹ್ನದ ಬಿಸಿಲು.

"ನೀವು ಹೊಳೆ ಬಗ್ಗೆ ಓದಿದೋರಲ್ಲ," ಎಂದಳು.

"ಯಾಕೆ?"

"ಕಪಿಲೆ ಅಂದಾಗ ನಿಮ್ಮ ಮುಖ ಪೆಚ್ಚಾಯ್ತು. ನಿಜ ಹೇಳಿ."

ಹೇಳಿದ. ಬೆಳಕು, ಧೂಳು, ಮೋಡ ಎಲ್ಲ ಹೇಳಿದ. ಮೇಲೆ ಎನ್ನುವಾಗ ಎದ್ದ, ಕೆಳಗೆ ಎನ್ನುವಾಗ ಕುಕ್ಕರಿಸಿದ. ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸಿಗೆ, ಪಾಪ, ಗಂಡು ಬಸ್ಕಿ ಹೊಡೆದು ತೋರಿಸುವಂತೆ ಕಂಡಿತು. ಇಷ್ಟು ಖುಷಿ ಅವನಿಗೆ ಪದವಿ ಸಿಕ್ಕ ದಿನವೂ ಆಗಿರಲಿಲ್ಲ.

"ಮತ್ತೆ ಪಕ್ಕಕ್ಕೆ ಹೋಗೋ ಬೆಳಕು?"

"ಅದನ್ನ ಬಿಟ್ಬಿಡ್ತೀವಿ."

"ಪಾಪ," ಎಂದು ಅವಳು ನಕ್ಕೇಬಿಟ್ಟಳು. ಬಗ್ಗಿ ಒಂದು ಹಪ್ಪಳ ಮಗುಚಿದಳು. ತಲೆ ಎತ್ತದೆ ಕೇಳಿದಳು, "ನಾನು ಹೇಗಿದೀನಿ? ಕೆಳಗೆ ಹೇಗೂ ಕೇಳ್ತಾರೆ. ಇಲ್ಲೇ ಹೇಳ್ಬಿಡಿ."

ಸುಮಾರು ವರ್ಷದಿಂದ ಯಾರಾದರೂ ನನ್ನ ಓದಿನ ಬಗ್ಗೆ ಹೀಗೆ ಕೇಳಲಿ ಎಂದು ಕಾದಿದ್ದೆ, ನೀವು ಕೇಳಿದಿರಿ. ಅಮೃತೇಶನ ಬಾಯಲ್ಲಿ ಇಡೀ ವಾಕ್ಯ ಸಿದ್ಧವಾಗಿತ್ತು. ಧೈರ್ಯಕ್ಕೆ ಒಂದು ಚಮಚ ಕೇಸರಿಬಾತು ಬಾಯಿಗಿಟ್ಟ.

"ಸುಮಾರು..." ಎಂದ. ಲವಂಗ ಗಂಟಲಿಗೆ ಸಿಕ್ಕಿಕೊಂಡಿತು.

"ಸುಮಾರಾ?"

ಕೆಮ್ಮು ಕಿತ್ತುಕೊಂಡು ಬಂತು. ಕೆಮ್ಮಿದ ಹಾಗೆಲ್ಲ ತಲೆ ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿತು. ಪಕ್ಕಕ್ಕೆ ಆಡಬೇಕಿತ್ತು.

"ಸರಿ," ಎಂದಳು ಶಿವರಂಜನಿ. ಮೂಲೆಯಲ್ಲಿದ್ದ ಕೋಲನ್ನು ಅವನ ಕೈಗೆ ಕೊಟ್ಟಳು. "ನೀರು ಕಳಿಸ್ತೀನಿ. ಅಲ್ಲೀಗಂಟ ಕಾಗೆ ನೋಡ್ಕೊಳ್ಳಿ."

ಅವಳು ಇಳಿದುಹೋದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ತಾಯಿಯ ದನಿ ಬಂತು: "ಹೆಂಗವ್ವಾ, ನಮ್ಮ ಹುಡುಗ?"

"ಸುಮಾರು," ಎಂದಿತು ಶಿವರಂಜನಿಯ ದನಿ. ಆಮೇಲೆ ಎಲ್ಲರೂ ನಕ್ಕರು. ಒಪ್ಪಿ ನಕ್ಕರೋ, ಮುಗಿಯಿತೆಂದು ನಕ್ಕರೋ, ಮೇಲಿದ್ದವನಿಗೆ ತಿಳಿಯಲಿಲ್ಲ. ಇಳಿದು ಹೋಗಿ ಹೇಳಬೇಕು ಎಂದುಕೊಂಡ. ಹಪ್ಪಳ ಬಿಟ್ಟು ಹೇಗೆ ಹೋಗುವುದು?

ಅವನ ನೆರಳು ಒಂದು ಹಪ್ಪಳದ ಮೇಲೆ ಬಿದ್ದಿತ್ತು. ಸರಿದ, ಇನ್ನೊಂದರ ಮೇಲೆ ಬಿತ್ತು. ಎಲ್ಲಿ ನಿಂತರೂ ಒಂದಲ್ಲ ಒಂದು ಹಪ್ಪಳಕ್ಕೆ ಅವನು ಅಡ್ಡ. ಬಗ್ಗಿ ನೋಡಿದ. ನೆರಳಿನೊಳಗೂ ಹಪ್ಪಳದ ಜೀರಿಗೆ ಒಂದೊಂದೂ ಕಾಣುತ್ತಿತ್ತು. ಮೇಲಿನ ಬಿಸಿಲಿಗೆ ತಾನೇ ಅಡ್ಡ ನಿಂತಿದ್ದಾನೆ. ಹಾಗಾದರೆ ಇಷ್ಟು ಬೆಳಕು ಎಲ್ಲಿಂದ ಬಂತು?

ಗೊತ್ತಾಯಿತು, ಲೆಕ್ಕದಲ್ಲಿ ತಾನು ಬಿಟ್ಟ ಬೆಳಕೇ. ಗಂಟಲಲ್ಲಿ ಲವಂಗ ಇನ್ನೂ ಉರಿಯುತ್ತಿತ್ತು. ನೀರು ಬರಲಿಲ್ಲ. ಅಮೃತೇಶ ಕೋಲೆತ್ತಿ ಆಕಾಶವನ್ನೇ ನೋಡುತ್ತ ನಿಂತ.

ಕಾಗೆ ಪಕ್ಕದಿಂದ ಬಂತು.