ಸ್ಕೂಲ್ ಸ್ಟಾಪಿನಲ್ಲಿ ಬಸ್ಸು ನಿಂತಿತ್ತೇ?

1

ಹೇಗೆ ಶುರು ಮಾಡಲಿ? ‘ಅವನಿಗೊಂದು ಕನಸು ಬಿತ್ತು’ ಅಂತ ಶುರು ಮಾಡಿದೆ. ನಿದ್ದೆಯ ಬಗ್ಗೆ ಕಥೆ ಬರೆಯುವವನಿಗೆ ಇದಕ್ಕಿಂತ ಸುಲಭದ ಬಾಗಿಲು ಇನ್ನೊಂದಿಲ್ಲ. ಕನಸಿನಲ್ಲಿ ಏನು ಬೇಕಾದರೂ ಆಗಬಹುದು, ಯಾರೂ ಕೇಳುವ ಹಾಗಿಲ್ಲ. ಕೊನೆಗೆ ‘ಎಚ್ಚರವಾಯಿತು’ ಅಂದುಬಿಟ್ಟರೆ ಕೈ ತೊಳೆದುಕೊಂಡು ಎದ್ದುಹೋಗಬಹುದು. ಒಂದೇ ಸಾಲು ಬರೆದು, ಪೆನ್ನಿಗೆ ಕ್ಯಾಪು ಹಾಕಿ (ನಾನಿನ್ನೂ ಪೆನ್ನಿನಲ್ಲೇ ಬರೆಯುವ ಪೈಕಿ, ಇರುವುದೂ ಒಂದೇ ಪೆನ್ನು) ಖುಷಿಯಿಂದ ಹಿಂದಕ್ಕೆ ಒರಗಿದೆನೋ ಇಲ್ಲವೋ, ಕಥಾನಾಯಕ ಹಾಳೆಯಿಂದ ತಲೆ ಎತ್ತಿದ.

“ಸಾರ್, ದಮ್ಮಯ್ಯ, ಕನಸು ಮಾತ್ರ ಬೇಡ. ಕನಸು ಬಿತ್ತು ಅಂದ್ರೆ ನಿದ್ದೆ ಬಂತು ಅಂತ. ನಿದ್ದೆ ಬಂತು ಅಂದ್ರೆ ನನ್ನ ಕೆಲಸ ಹೋಯ್ತು ಅಂತ.”

ಇಡೀ ಊರಲ್ಲಿ ಇವನೇ ಸಿಗಬೇಕಿತ್ತಾ ನನಗೆ!

2

ಇವರು (ಇಲ್ಲಿಂದ ಬಹುವಚನ, ಐವತ್ತೆರಡು ವರ್ಷದ ಮನುಷ್ಯ) ಸಿಟಿ ಬಸ್ಸಿನ ಡ್ರೈವರು. ಇಪ್ಪತ್ತಾರು ವರ್ಷದಿಂದ ಒಂದೇ ರೂಟು. ಡಿಪೋದಲ್ಲಿ ಎಲ್ಲರೂ ಬ್ರೇಕಣ್ಣ ಅಂತ ಕರೆಯುತ್ತಾರೆ. ಹತ್ತುವವರು, ಇಳಿಯುವವರು ಒಬ್ಬರೂ ಇಲ್ಲದಿದ್ದರೂ ಪ್ರತಿ ಸ್ಟಾಪಿನಲ್ಲೂ ನಿಲ್ಲಿಸಿ, ಬಾಗಿಲು ತೆಗೆದು, ಮುಚ್ಚಿ ಹೊರಡುತ್ತಾರೆ. ಯಾಕೆ ಅಂತ ಕೇಳಿದರೆ, “ಸ್ಟಾಪು ಅಂದ್ರೆ ಸ್ಟಾಪು” ಅನ್ನುತ್ತಾರೆ.

ಹೋದ ತಿಂಗಳು ಡಿಪೋದಲ್ಲಿ ಒಂದು ಉಪನ್ಯಾಸವಿತ್ತು. ವಿಷಯ: ‘ತೂಕಡಿಕೆ ಮತ್ತು ಅಪಘಾತ’. ಹೊಟ್ಟೆ ತುಂಬ ಊಟ ಹಾಕಿಸಿ, ಕಿಟಕಿಗಳ ಪರದೆ ಎಳೆದು, ದೀಪ ಆರಿಸಿ, ಮ್ಯಾನೇಜರು ಒಂದೇ ರಾಗದಲ್ಲಿ ಒಂದೂಕಾಲು ಗಂಟೆ ಮಾತಾಡಿದರು. ಎರಡನೇ ಸಾಲಿನಲ್ಲಿ ಕೂತಿದ್ದ ಬ್ರೇಕಣ್ಣ ಗೊರಕೆ ಹೊಡೆದರು. ಸಣ್ಣಪುಟ್ಟ ಗೊರಕೆಯಲ್ಲ, ಮೈಕಿನಲ್ಲಿ ಕೇಳಿಸುವಂಥದ್ದು. (ನಾನಾಗಿದ್ದರೆ ಮ್ಯಾನೇಜರನ್ನೇ ಪರೀಕ್ಷೆಗೆ ಕಳಿಸುತ್ತಿದ್ದೆ.)

ಮರುದಿನ ಪತ್ರ ಬಂತು. ನಿದ್ದೆಯ ಕ್ಲಿನಿಕ್ಕಿಗೆ ಹೋಗಿ, ಎಚ್ಚರವಾಗಿರಬಲ್ಲೆ ಅಂತ ಸಾಬೀತು ಮಾಡಿ. ಇಲ್ಲವಾದರೆ ಸ್ಟೇರಿಂಗು ಬಿಟ್ಟು ಸ್ಟೋರಿನಲ್ಲಿ ಟೈರು ಕಾಯಿರಿ.

“ಟೈರು ಕಾಯೋದಾ? ಟೈರೇನು ಓಡಿಹೋಗುತ್ತಾ?” ಅಂದವರು ಅವರ ಹೆಂಡತಿ. ಗಂಡನ ಜೊತೆ ಕ್ಲಿನಿಕ್ಕಿಗೆ ಬಂದು, ಕಾರಿಡಾರಿನ ಬೆಂಚಿನಲ್ಲಿ ಒಂದು ಚೀಲ ಕಿತ್ತಳೆಹಣ್ಣು ಇಟ್ಟುಕೊಂಡು ಕೂತಿದ್ದಾರೆ. “ಸ್ಟೇರಿಂಗ್ ಬಿಡಿಸಿದ್ರೆ ಈ ಮನುಷ್ಯ ಒಣಗಿ ಹೋಗ್ತಾರೆ, ಬರೆದಿಟ್ಕೊಳ್ಳಿ.”

ಬರೆದಿಟ್ಟುಕೊಂಡಿದ್ದೇನೆ ಅಕ್ಕಾ.

3

ಪರೀಕ್ಷೆ ಹೀಗಿದೆ. ಒಂದು ಸಣ್ಣ ಕೋಣೆ, ಮೆತ್ತನೆಯ ಕುರ್ಚಿ, ಬೆನ್ನ ಹಿಂದೆ ಮಂಕು ದೀಪ. ತಲೆಗೆ ಅಂಟಿನಿಂದ ತಂತಿಗಳನ್ನು ಅಂಟಿಸುತ್ತಾರೆ. ನಲವತ್ತು ನಿಮಿಷ ಸುಮ್ಮನೆ ಮುಂದೆ ನೋಡುತ್ತಾ ಕೂರಬೇಕು. ಹಾಡುವಂತಿಲ್ಲ, ಚಿವುಟಿಕೊಳ್ಳುವಂತಿಲ್ಲ, ನಿದ್ದೆ ಮಾಡುವಂತಿಲ್ಲ. ಬೆಳಿಗ್ಗೆ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ, ಒಟ್ಟು ನಾಲ್ಕು ಸಲ. ಪಕ್ಕದ ಕೋಣೆಯಲ್ಲಿ ತಂತ್ರಜ್ಞೆಯೊಬ್ಬಳು ಪರದೆಯ ಮೇಲೆ ಮಿದುಳಿನ ಅಲೆ ನೋಡುತ್ತಿರುತ್ತಾಳೆ. ಅರ್ಧ ನಿಮಿಷ ಅಲೆ ಸೋಮಾರಿಯಾದರೂ ಅವಳಿಗೆ ಗೊತ್ತಾಗಿಬಿಡುತ್ತದೆ.

ಬ್ರೇಕಣ್ಣ ಅವಳಿಗೆ ತಂತಿ ಮೇಡಂ ಅಂತ ಹೆಸರಿಟ್ಟರು. ಅವಳು ಕೆಂಪು ಪೆನ್ಸಿಲಿನಿಂದ ಅವರ ಬೋಳುತಲೆಯ ಮೇಲೆ ಗುರುತು ಹಾಕಿದಳು. “ಹೆದರಬೇಡಿ ಅಂಕಲ್, ಸೋಪು ಹಾಕಿ ಉಜ್ಜಿದ್ರೆ ಹೋಗುತ್ತೆ.”

ಈಗ ನೀವೇ ಹೇಳಿ ಓದುಗರೇ, ಇಂಥ ನಾಯಕನನ್ನು ಇಟ್ಟುಕೊಂಡು ನಾನು ಏನು ಮಾಡಲಿ? ಯಾರನ್ನೂ ಹೊಡೆಯುವುದಿಲ್ಲ, ಯಾರನ್ನೂ ಪ್ರೀತಿಸುವುದಿಲ್ಲ. ಕಣ್ಣು ಬಿಟ್ಟುಕೊಂಡು ಕೂರುವುದೇ ಸಾಹಸ.

3 (ಹರಿದು ಹಾಕಿದ್ದು)

ಕಥೆಗೆ ಸ್ವಲ್ಪ ಉಪ್ಪುಖಾರ ಇರಲಿ ಅಂತ ಒಬ್ಬ ಸಮ್ಮೋಹನಕಾರನನ್ನು ತಂದೆ. ಕರಿಕೋಟು, ಸರಪಳಿಯ ಗಡಿಯಾರ. ಅವನು ಗಡಿಯಾರ ತೂಗಾಡಿಸುತ್ತಾ, “ನಿಮ್ಮ ರೆಪ್ಪೆಗಳು ಭಾರವಾಗುತ್ತಿವೆ” ಅಂದ. ಬರೆಯುತ್ತಿದ್ದ ನನ್ನ ರೆಪ್ಪೆಯೇ ಭಾರವಾಯಿತು. ಎಚ್ಚರವಾದಾಗ ಕೆನ್ನೆಯ ಮೇಲೆ ಶಾಯಿ.

“ಸಾರ್, ಮೊದಲು ಅವನನ್ನ ಕಳಿಸಿಬಿಡಿ” ಅಂದರು ಬ್ರೇಕಣ್ಣ. ಕಳಿಸಿದೆ. ಅಕ್ಕ ಅವನ ಕೈಗೂ ಎರಡು ತೊಳೆ ಕಿತ್ತಳೆ ಇಟ್ಟರಂತೆ.

4

ಒಂದು ಸಣ್ಣ ವಿಷಯ ಬಿಟ್ಟೆ. ಬೆಳಿಗ್ಗೆ ತಂತಿ ಮೇಡಂ ಒಂದು ಫಾರಂ ಕೊಟ್ಟಿದ್ದಳು. ಅದರ ಒಂಬತ್ತನೇ ಪ್ರಶ್ನೆ: ‘ವಾಹನ ಓಡಿಸುವಾಗ ದಾರಿಯ ಯಾವುದಾದರೂ ಭಾಗ ನೆನಪಿಲ್ಲದೆ ಹೋದದ್ದುಂಟೆ?’ ಅಲ್ಲಿ ಬ್ರೇಕಣ್ಣನ ಕೈ ತುಂಬ ಹೊತ್ತು ನಿಂತಿತ್ತು. ಆಮೇಲೆ ‘ಇಲ್ಲ’ದ ಮುಂದೆ ಗುರುತು ಹಾಕಿದರು. ನಾನು ನೋಡಿದೆ, ನೋಡದವನ ಹಾಗೆ ಮುಂದೆ ಬರೆದೆ.

5

ಮೊದಲ ಸರದಿ. ಎಚ್ಚರವಾಗಿರಲು ಬ್ರೇಕಣ್ಣ ಒಂದು ಉಪಾಯ ಮಾಡಿದರು. ಮನಸ್ಸಿನಲ್ಲೇ ಬಸ್ಸು ಓಡಿಸುವುದು. ಡಿಪೋ, ಹಳೇ ಸೇತುವೆ, ನೀರಿನ ಟ್ಯಾಂಕು, ಮಾರ್ಕೆಟ್ಟು, ಆಸ್ಪತ್ರೆ, ಸ್ಟೇಷನ್ನು. ತಿರುಗಿ ಡಿಪೋ. ಪಕ್ಕದ ಕೋಣೆಯಲ್ಲಿ ಅಲೆಗಳು ಚುರುಕಾಗಿದ್ದವು.

ಎರಡನೇ ಸರದಿಯಲ್ಲೂ ಅದೇ. ಡಿಪೋ, ಸೇತುವೆ, ಟ್ಯಾಂಕು, ಮಾರ್ಕೆಟ್ಟು, ಆಸ್ಪತ್ರೆ...

“ಬ್ರೇಕಣ್ಣ, ಒಂದು ನಿಮಿಷ” ಅಂದೆ. “ರೂಟು ಮಾಡಿಕೊಟ್ಟವನು ನಾನೇ. ಮಾರ್ಕೆಟ್ಟಿಗೂ ಆಸ್ಪತ್ರೆಗೂ ನಡುವೆ ಸ್ಕೂಲ್ ಸ್ಟಾಪ್ ಇದೆಯಲ್ಲ?”

ಅವರು ಬಸ್ಸನ್ನು ನೇರ ಸ್ಟೇಷನ್ನಿಗೆ ಬಿಟ್ಟರು. ಬಿಡುವಿನಲ್ಲಿ, ತಲೆ ತುಂಬ ತಂತಿ ಇಟ್ಟುಕೊಂಡೇ ನನ್ನನ್ನು ಮೂಲೆಗೆ ಕರೆದರು.

“ಎರಡು ತಿಂಗಳ ಹಿಂದೆ ಸಾರ್. ಮಧ್ಯಾಹ್ನದ ಟ್ರಿಪ್ಪು. ಮಾರ್ಕೆಟ್ ಬಿಟ್ಟಿದ್ದು ನೆನಪಿದೆ. ಆಮೇಲೆ ನೋಡಿದ್ರೆ ಆಸ್ಪತ್ರೆ ಮುಂದೆ ಇದ್ದೀನಿ. ನಡುವೆ ಏನೂ ಇಲ್ಲ. ಸ್ಕೂಲ್ ಸ್ಟಾಪಲ್ಲಿ ನಿಲ್ಲಿಸಿದ್ನೋ ಇಲ್ವೋ ಗೊತ್ತಿಲ್ಲ. ಕೇಳೋಣ ಅಂದ್ರೆ ಕಂಡಕ್ಟರಿಲ್ಲ, ಟಿಕೆಟ್ ಕೊಡೋದು ಮೆಷಿನ್ನು. ಮಕ್ಕಳು ರಸ್ತೆ ದಾಟೋ ಜಾಗ ಸಾರ್ ಅದು.” ಹಣೆಗೆ ಜಾರಿದ ತಂತಿಯೊಂದನ್ನು ಹಿಂದಕ್ಕೆ ಸರಿಸಿದರು. “ಅವತ್ತಿಂದ ಹೊಟ್ಟೇಲಿ ಬೆಂಕಿ ಇಟ್ಕೊಂಡು ಓಡಿಸ್ತಿದ್ದೀನಿ.”

ನನಗೆ ಹೇಗಾಗಬೇಡ! ಇಷ್ಟು ಹೊತ್ತು ನಾನು ಗೊರಕೆಯ ಹಾಸ್ಯಕಥೆ ಬರೆಯುತ್ತಿದ್ದೆ.

ತಂತಿ ಮೇಡಂ ಹತ್ತಿರ ಹೋಗಿ, ‘ನಮ್ಮ ಪರಿಚಯದವರೊಬ್ಬರಿಗೆ’ ಅಂತ ಸುಳ್ಳು ಪೀಠಿಕೆ ಹಾಕಿ ಕೇಳಿದೆ. ಅವಳು ಹೇಳಿದಳು: “ರೋಡ್ ಹಿಪ್ನಾಸಿಸ್ ಅಂತಾರೆ, ದಾರಿಯೇ ಸಮ್ಮೋಹನ ಮಾಡಿದ ಹಾಗೆ. ದಿನಾ ಅದೇ ದಾರಿ ಆದ್ರೆ ಹಾಗಾಗುತ್ತೆ. ಕಣ್ಣು ತೆರೆದೇ ಇರುತ್ತೆ, ಕೈಕಾಲು ಅವುಗಳ ಪಾಡಿಗೆ ಕೆಲಸ ಮಾಡ್ತವೆ, ನೆನಪು ಮಾತ್ರ ರಜಾ ಹಾಕಿರುತ್ತೆ. ಇಲ್ಲಾಂದ್ರೆ ನಿಜವಾಗ್ಲೂ ಚಿಟಿಕೆಯಷ್ಟು ನಿದ್ದೆನೇ ಬಂದಿರಬಹುದು. ಆಗ ತಲೆಗೆ ತಂತಿ ಇರಲಿಲ್ವಲ್ಲ, ಯಾವುದು ಅಂತ ಹೇಳೋದು ಹೇಗೆ?”

ಗಡಿಯಾರದವನನ್ನು ಓಡಿಸಿದೆ ಅಂತ ಬೀಗುತ್ತಿದ್ದೆ. ಅವನು ಹಿಂದಿನ ಬಾಗಿಲಿಂದ ಬಂದು ಕೂತಿದ್ದ.

6

ಮೂರನೇ ಸರದಿ, ಮಧ್ಯಾಹ್ನ ಎರಡು ಗಂಟೆ. ಎಂಥವರಿಗೂ ಕಣ್ಣು ಎಳೆಯುವ ಹೊತ್ತು. ಬಸ್ಸು ಹಳೇ ಸೇತುವೆ ದಾಟಿತು. ನೀರಿನ ಟ್ಯಾಂಕಿನ ಹತ್ತಿರ ಒಂದು ದೊಡ್ಡ ಮೀನು, ಕೈಚೀಲ ಹಿಡಿದುಕೊಂಡು ಹತ್ತಿ, ಮುಂದಿನ ಸೀಟಿನಲ್ಲಿ ಕೂತು, “ಒಂದು ಆಸ್ಪತ್ರೆ” ಅಂತ...

“ಸಾರ್!”

ಕ್ಷಮಿಸಿ. ತೂಕಡಿಸಿದ್ದು ನಾನು. ಆ ಮೀನು ನನ್ನದು, ಅವರದ್ದಲ್ಲ. ಹೊಡೆದುಹಾಕಿದ್ದೇನೆ.

“ಬೇಕಾದರೆ ಒಂದು ಕೆಲಸ ಮಾಡ್ತೀನಿ ಬ್ರೇಕಣ್ಣ” ಅಂದೆ, ಅಪರಾಧಿ ಭಾವದಿಂದ. “ನಾಲ್ಕೂ ಸರದಿ ಪಾಸ್ ಅಂತ ಬರೆದುಬಿಡ್ತೀನಿ. ನನ್ನ ಗಂಟೇನು ಹೋಗುತ್ತೆ? ಒಂದು ಸಾಲು.”

“ಬೇಡ ಸಾರ್. ಕನಸು ತುರುಕಬೇಡಿ, ಆದ್ರೆ ನಂದೇ ಬಂದ್ರೆ ಮುಚ್ಚಿಡಲೂ ಬೇಡಿ. ನಾನು ಓಡಿಸಬಹುದಾ ಇಲ್ವಾ ಅಂತ ನನಗೂ ಗೊತ್ತಾಗಬೇಕು.”

ಕಥೆಗಾರನಾಗಿ ಇಷ್ಟು ವರ್ಷದಲ್ಲಿ ನನಗೆ ಯಾರೂ ಇಂಥ ಕೆಲಸ ಕೊಟ್ಟಿರಲಿಲ್ಲ. ಏನೂ ಮಾಡದಿರುವ ಕೆಲಸ.

7

ನಾಲ್ಕನೇ ಸರದಿ. ನಾನು ನಿಂತುಕೊಂಡೇ ಬರೆದೆ, ಕೂತರೆ ಮೀನು ಬರುತ್ತದೆ. ಸೇತುವೆ. ಟ್ಯಾಂಕು. ಮಾರ್ಕೆಟ್ಟು. ಬ್ರೇಕಣ್ಣನ ಹಣೆಯ ಮೇಲೆ ಬೆವರು. ಕುರ್ಚಿಯ ಮುಂದೆ ಅವರ ಬಲಗಾಲು ಮೆಲ್ಲಗೆ ನೆಲ ಒತ್ತಿತು.

“ಸ್ಕೂಲು ಬಂತು” ಅಂದರು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

“ಯಾರನ್ನಾದರೂ ಹತ್ತಿಸಲಾ?” ನನ್ನ ಹತ್ತಿರ ಒಬ್ಬಳು ಪುಟ್ಟ ಹುಡುಗಿ, ಒಬ್ಬ ಮುದುಕ ಮೇಷ್ಟ್ರು, ಇಬ್ಬರೂ ತಯಾರಿದ್ದರು. ಓದುಗರ ಕಣ್ಣು ಒದ್ದೆ ಮಾಡುವಂಥವರು.

“ಯಾರೂ ಬೇಡ ಸಾರ್. ಸ್ಟಾಪು ಅಂದ್ರೆ ಸ್ಟಾಪು.”

ಬಾಗಿಲು ತೆಗೆದರು, ಮುಚ್ಚಿದರು, ಹೊರಟರು. ಸ್ಪೀಕರಿನಲ್ಲಿ ತಂತಿ ಮೇಡಂ ದನಿ ಬಂತು: “ಆಯ್ತು ಅಂಕಲ್. ಈಗ ಕಣ್ಣು ಮುಚ್ಚಬಹುದು.”

8 (ಮುಕ್ತಾಯ, ಅಂದುಕೊಂಡಿದ್ದೆ)

ರಿಪೋರ್ಟು ಬರುವುದು ಮುಂದಿನ ವಾರ. ಅಲ್ಲಿಯವರೆಗೆ ಕಾಯುವ ತಾಳ್ಮೆ ನಿಮಗಿಲ್ಲ, ನನಗಂತೂ ಮೊದಲೇ ಇಲ್ಲ. ಹಾಗಾಗಿ ಮುಕ್ತಾಯ ಒಂದು: ಪಾಸು, ಡಿಪೋದಲ್ಲಿ ಹಾರ, ಮ್ಯಾನೇಜರ ಭಾಷಣ, ಬ್ರೇಕಣ್ಣನ ಗೊರಕೆ. ಮುಕ್ತಾಯ ಎರಡು: ಫೇಲು, ಟೈರುಗಳ ನಡುವೆ ಕುರ್ಚಿ. ಎರಡನ್ನೂ ಬರೆಯಲು ಕೂತಿದ್ದಾಗ ಬ್ರೇಕಣ್ಣ ನನ್ನನ್ನು ಕೇಳದೆ ಕಾರಿಡಾರಿಗೆ ನಡೆದುಬಿಟ್ಟರು.

“ಲೇ, ನಿನ್ನ ಹತ್ತಿರ ಒಂದು ಮಾತು ಮುಚ್ಚಿಟ್ಟಿದ್ದೆ” ಅಂತ ಹೆಂಡತಿಗೆ ಎಲ್ಲ ಹೇಳಿದರು.

ಅಕ್ಕ ಕಿತ್ತಳೆ ಸುಲಿಯುವುದು ನಿಲ್ಲಿಸಲಿಲ್ಲ. “ನಿಲ್ಲಿಸಿದ್ರಿ ಬಿಡಿ.”

“ನಿನಗೆ ಹೇಗೆ ಗೊತ್ತು?”

“ನಾನೇ ಹತ್ತಿದ್ನಲ್ಲ! ತಂಗಿ ಮಗಳನ್ನ ನೋಡೋಕೆ ಸ್ಕೂಲಿಗೆ ಹೋಗಿದ್ದೆ. ಬಸ್ಸು ನಿಲ್ತು, ಬಾಗಿಲು ತೆಗೀತು, ಹತ್ತಿದೆ. ನನ್ನ ಮುಖಾನೇ ನೋಡ್ಕೊಂಡು ‘ಒಳಗೆ ಹೋಗಿ, ಒಳಗೆ ಹೋಗಿ’ ಅಂದ್ರಿ. ಕಟ್ಕೊಂಡ ಹೆಂಡತಿಗೆ!”

“ಅಯ್ಯೋ! ಅವತ್ತೇ ಯಾಕೆ ಹೇಳಲಿಲ್ಲ?”

“ಏನಂತ ಹೇಳ್ಲಿ? ಗಂಡನಿಗೆ ನನ್ನ ಗುರುತು ಸಿಗಲಿಲ್ಲ ಅಂತ ಊರಿಗೆಲ್ಲ ಡಂಗುರ ಸಾರ್ಲಾ? ಕೋಪ ಮಾಡ್ಕೊಂಡು ಎರಡು ದಿನ ಮಾತು ಬಿಟ್ಟಿದ್ದೆ. ಅದೂ ನಿಮಗೆ ಗೊತ್ತಾಗಲಿಲ್ಲ.”

ಬ್ರೇಕಣ್ಣ ಬೆಂಚಿನ ಮೇಲೆ ಕುಸಿದು ನಗತೊಡಗಿದರು. ತಲೆಯ ತಂತಿಗಳೆಲ್ಲ ಅಲ್ಲಾಡುತ್ತಿದ್ದವು, ಕಣ್ಣಲ್ಲಿ ನೀರು.

ನಾನು ಗಾಬರಿಯಿಂದ ಹಿಂದಿನ ಹಾಳೆಗಳನ್ನು ತಿರುವಿಹಾಕಿದೆ. ಆ ದಿನ ಆ ಸ್ಟಾಪಿನಲ್ಲಿ ಅಕ್ಕನನ್ನು ನಾನು ನಿಲ್ಲಿಸಿಯೇ ಇಲ್ಲ. ತಂಗಿ ಮಗಳೂ ನನಗೆ ಹೊಸಬಳು. ಮೆಲ್ಲಗೆ ಪಕ್ಕಕ್ಕೆ ಹೋಗಿ, “ಅಕ್ಕಾ, ನಿಜವಾಗ್ಲೂ?” ಅಂದೆ.

ಅವರು ನನ್ನ ಕೈಗೆ ಎರಡು ತೊಳೆ ಇಟ್ಟರು. “ತಿನ್ನಿ. ಬೆಳಿಗ್ಗೆಯಿಂದ ಇವರ ಮುಖಕ್ಕೆ ಈಗ ತಾನೆ ಕಳೆ ಬಂದಿದೆ. ಅದನ್ನ ಬರೀರಿ.”

8 (ಇನ್ನೂ ಇದೆ)

ಅಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಬ್ರೇಕಣ್ಣ ಕಣ್ಣು ಒರೆಸಿಕೊಂಡು ಎದ್ದರು. “ಮೇಡಂ, ಬೆಳಿಗ್ಗೆ ಕೊಟ್ಟಿದ್ರಲ್ಲ, ಆ ಫಾರಂ ಇದ್ಯಾ? ಒಂಬತ್ತನೇದು ತಪ್ಪು ಬರೆದಿದ್ದೀನಿ.”

ತಂತಿ ಬಿಚ್ಚಲು ಹಿಂದೆಯೇ ಬಂದು ಎಲ್ಲ ಕೇಳಿಸಿಕೊಂಡಿದ್ದ ತಂತಿ ಮೇಡಂ ಹಿಂಜರಿದಳು. “ನಿಲ್ಲಿಸಿದ್ರಿ ಅಂತಾರಲ್ಲ ಅಂಕಲ್? ಇದನ್ನ ಬರೆದ್ರೆ ಡಾಕ್ಟ್ರು ಸುಮ್ನೆ ಬಿಡಲ್ಲ, ಇನ್ನೊಂದಷ್ಟು ಪರೀಕ್ಷೆ ಅಂತಾರೆ.”

“ಮಾಡ್ಲಿ. ನಿಲ್ಲಿಸಿರಬಹುದಮ್ಮಾ. ಆದ್ರೆ ನೆನಪಿಲ್ಲ ಅನ್ನೋದು ನಿಜ ತಾನೆ?”

ಅಕ್ಕ ಏನೋ ಹೇಳಲು ಬಾಯಿ ತೆರೆದವರು ಚೀಲದಿಂದ ಇನ್ನೊಂದು ಹಣ್ಣು ತೆಗೆದರು.

ಕೌಂಟರಿಗೆ ಕಟ್ಟಿದ್ದ ಪೆನ್ನು ಬರೆಯುತ್ತಿರಲಿಲ್ಲ. ಬ್ರೇಕಣ್ಣ ನನ್ನ ಕಡೆ ಕೈ ಚಾಚಿದರು. “ಸಾರ್, ನಿಮ್ಮ ಪೆನ್ನು.”

“ಮುಕ್ತಾಯ ಇನ್ನೂ ಬರೆದಿಲ್ಲ...”

“ಆಮೇಲೆ ಬರೀರಿ.”

ಕೊಟ್ಟೆ. ‘ಇಲ್ಲ’ ಹೊಡೆದುಹಾಕಿ ‘ಹೌದು’ ಅಂತ ಗುರುತು ಹಾಕಿದರು. ಅದರ ಕೆಳಗೆ ‘ವಿವರ’ ಅಂತ ಎರಡು ಗೆರೆ ಜಾಗವಿತ್ತು. ಅಲ್ಲಿ ಬರೆಯಲು ಶುರು ಮಾಡಿದರು. ಜಾಗ ಸಾಲದೆ ಫಾರಂ ತಿರುಗಿಸಿದರು. ಈಗ ಇನ್ನೊಂದು ಹಾಳೆ ಕೇಳುತ್ತಿದ್ದಾರೆ, ಪೆನ್ನು ವಾಪಸ್ ಬರುವ ಲಕ್ಷಣ ಕಾಣುತ್ತಿಲ್ಲ.

(ಹಾಗಾದರೆ ಇದನ್ನು ಯಾವುದರಲ್ಲಿ ಬರೆದೆ ಅಂತೀರಾ? ತಂತಿ ಮೇಡಂ ಹತ್ತಿರ ಕೆಂಪು ಪೆನ್ಸಿಲು ಇಸಕೊಂಡೆ. ನಿಮಗೆ ಹಿಡಿಸದಿದ್ದರೆ ಯೋಚನೆ ಬೇಡ, ಸೋಪು ಹಾಕಿ ಉಜ್ಜಿದರೆ ಹೋಗುತ್ತದಂತೆ.)